ಹೊಸ್ತಿಲ ಮೇಲೆ ಕೂತ ಚೂರು

ನಾನು ಒಂದು ಲೋಹದ ಚೂರು. ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆಯೊಂದರ ನಟ್ಟನಡುವೆ ಕೂತಿದ್ದೇನೆ. ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಚುಕ್ಕೆಯಾಗಿ ಕಂಡೇನು, ಕನ್ನಡಕ ಮರೆತು ಬಂದವರಿಗೆ ಅದೂ ಇಲ್ಲ. ಆದರೂ ಗಾತ್ರ ನೋಡಿ ಅಸಡ್ಡೆ ಮಾಡಬೇಡಿ. ಒಂದು ಊರಿನ ಮಕ್ಕಳ ಹಣೆಬರಹ ಕೆಲವು ದಿನ ನನ್ನ ಮೇಲೆ ನಿಂತಿತ್ತು.

ಬೆಂಗಳೂರಿನ ಒಂದು ಕೋಣೆಯಲ್ಲಿ ಹುಟ್ಟಿದೆ. ಆ ಕೋಣೆಯೊಳಗೆ ಧೂಳಿಗೆ ಪ್ರವೇಶವಿಲ್ಲ. ಮನುಷ್ಯರೂ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಬರೀ ಕಣ್ಣು ಬಿಟ್ಟುಕೊಂಡು ಬರಬೇಕು. ಮಾಲಿಬ್ಡಿನಮ್ ಎಂಬ ಲೋಹವನ್ನು ತೆಳ್ಳಗೆ ಹಾಸಿದರು, ಅದರ ಮೇಲೆ ತಾಮ್ರ ಹಾಸಿದರು, ತಲೆಗೆ ಚಿನ್ನದ ಒಂದು ಟೋಪಿ ಇಟ್ಟರು. ಒಂದೇ ತಟ್ಟೆಯಲ್ಲಿ ಅರವತ್ನಾಲ್ಕು ಜನ ಹುಟ್ಟಿದೆವು. ಪರೀಕ್ಷೆ ಮುಗಿಯುವ ಹೊತ್ತಿಗೆ ನಾಲ್ಕು ಜನ ಉಳಿದೆವು. ನನ್ನ ಸಂಖ್ಯೆ ಇಪ್ಪತ್ತಮೂರು. ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ.

ನನ್ನ ಗುಣವನ್ನು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ವಿಪರೀತ ಚಳಿಯಲ್ಲಿ ನನ್ನೊಳಗೆ ವಿದ್ಯುತ್ತು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ. ಆ ಚಳಿ ಒಂದಿಷ್ಟು ಕಡಿಮೆಯಾದರೆ ನಾನು ಎಲ್ಲ ಲೋಹಗಳ ಹಾಗೆ ಅಡ್ಡಿ ಮಾಡತೊಡಗುತ್ತೇನೆ. ಇವೆರಡರ ನಡುವೆ ಒಂದು ಹೊಸ್ತಿಲಿದೆ. ನನ್ನನ್ನು ಸರಿಯಾಗಿ ಆ ಹೊಸ್ತಿಲ ಮೇಲೆ ಕೂರಿಸುತ್ತಾರೆ. ಆಗ ಎಕ್ಸ್-ರೇಯ ಒಂದು ಕಣ ಬಂದು ನನ್ನ ಟೋಪಿಗೆ ಬಡಿದರೆ ಸಾಕು, ಕೂದಲೆಳೆಯಷ್ಟು ಬಿಸಿಯಾಗುತ್ತೇನೆ, ವಿದ್ಯುತ್ತು ತಟ್ಟನೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ನೋಡಿ, ಆ ಕಿರಣ ಕಬ್ಬಿಣದಿಂದ ಬಂತೋ ತಾಮ್ರದಿಂದ ಬಂತೋ ಹೇಳುತ್ತಾರೆ. ಪ್ರತಿಯೊಂದು ಧಾತುವಿಗೂ ಅದರದೇ ಕಿರಣವಿದೆ.

ನಿಮ್ಮ ಮನೆಗಳಲ್ಲಿ ಮಗು ಹೊಸ್ತಿಲ ಮೇಲೆ ಕೂತರೆ ಹಿರಿಯರು ಗದರುತ್ತಾರಂತೆ. ನನ್ನನ್ನು ಆಯುಷ್ಯವಿಡೀ ಅಲ್ಲೇ ಕೂರಿಸಿದರು, ಒಬ್ಬರೂ ಏಳು ಅನ್ನಲಿಲ್ಲ. ಆಚೆ ಹೋಗುವಂತಿಲ್ಲ, ಈಚೆ ಬರುವಂತಿಲ್ಲ. ಸ್ವಲ್ಪ ಜಾರಿದರೂ ತಂತಿಯೊಂದರ ವಿದ್ಯುತ್ತು ಹರಿದು ಬಂದು ಮತ್ತೆ ಅದೇ ಜಾಗಕ್ಕೆ ಎಳೆದು ಕೂರಿಸುತ್ತಿತ್ತು.

ಮೊದಲು ನನ್ನನ್ನು ಬಲೂನೊಂದಕ್ಕೆ ಕಟ್ಟಿ ಆಕಾಶಕ್ಕೆ ಕಳಿಸುವ ಮಾತಿತ್ತು. ನಕ್ಷತ್ರಗಳ ಕಿರಣ ಎಣಿಸುವ ಕೆಲಸ. ಎರಡು ವರ್ಷ ಆ ಆಸೆಯಲ್ಲಿ ಡಬ್ಬಿಯೊಳಗೆ ಕಾದೆ. ಕೊನೆಗೆ ಹದಿನೇಳನೆಯ ಸಂಖ್ಯೆಯವನು ಹೋದ, ನನ್ನ ಮೇಲೆ 'ಹೆಚ್ಚುವರಿ' ಎಂದು ಚೀಟಿ ಅಂಟಿಸಿದರು. ಅಲ್ಲಿಂದ ಮೈಸೂರಿನ ಹೊರವಲಯದ ಒಂದು ಸಂಶೋಧನಾಲಯದ ನೆಲಮಾಳಿಗೆಗೆ ಬಂದೆ. ಆಕಾಶ ಸಿಗಬೇಕಿದ್ದವನಿಗೆ ನೆಲಮಾಳಿಗೆ ಸಿಕ್ಕರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಹದಿನೇಳರವನ ಮೇಲೆ ನನಗಿನ್ನೂ ಸಿಟ್ಟಿದೆ.

ಇಲ್ಲಿ ಒಂದರೊಳಗೊಂದು ಐದು ಡಬ್ಬಿಗಳ ಒಳಗೆ ನನ್ನನ್ನು ಇಟ್ಟು ಬಿಗಿದರು. ಗಾಳಿಯನ್ನೆಲ್ಲ ಹೀರಿ ತೆಗೆದರು. ಜಗತ್ತಿನಲ್ಲಿ ಇದಕ್ಕಿಂತ ಚಳಿ ಸಾಧ್ಯವೇ ಇಲ್ಲ ಎನ್ನುವ ಮಟ್ಟದ ಹತ್ತಿರಕ್ಕೆ ತಣಿಸಿದರು. ಹೊರಗಿನ ಗೋಡೆಯಲ್ಲಿ ನಾಲ್ಕಾಣೆಯಷ್ಟಗಲದ ಒಂದು ಕಿಟಕಿ, ಅದಕ್ಕೂ ತೆಳ್ಳನೆಯ ಲೋಹದ ತಗಡಿನ ಮುಚ್ಚಳ. ಬೆಳಕು ಬಾರದು, ಎಕ್ಸ್-ರೇ ಮಾತ್ರ ಬಂದೀತು. ಆ ಕಿಟಕಿಯೆದುರು ತಟ್ಟೆಯಲ್ಲಿ ಏನನ್ನಾದರೂ ಇಟ್ಟು ಎಕ್ಸ್-ರೇ ಹಾಯಿಸಿದರೆ, ಅದರೊಳಗಿನ ಧಾತುಗಳು ತಮ್ಮ ತಮ್ಮ ಕಿರಣ ಸೂಸುತ್ತವೆ. ಮಾತು ನನಗೆ ನಡುಕವಾಗಿ ತಲುಪುತ್ತಿತ್ತು. ಯಾರಾದರೂ ಹತ್ತಿರ ನಿಂತು ಮಾತಾಡಿದರೆ ಗೋಡೆ ಅದುರಿ, ಕೊಳವೆ ಅದುರಿ, ಕೊನೆಗೆ ನಾನೂ ಅದುರಿ ಬೆಚ್ಚಗಾಗುತ್ತಿದ್ದೆ. ಅದನ್ನು ಅವರು 'ಗದ್ದಲ' ಎಂದು ಕರೆದು ಅಳಿಸಿಹಾಕುತ್ತಿದ್ದರು. ನನಗೆ ಇದ್ದ ಸಹವಾಸ ಅದೊಂದೇ.

ಹಾಗೆ ಕೇಳಿ ಕೇಳಿ ಮೂವರ ಪರಿಚಯವಾಯಿತು. ಪ್ರಯೋಗಾಲಯದ ಮುಖ್ಯಸ್ಥರು ಮೂಡಿತ್ತಾಯರು, ದಕ್ಷಿಣ ಕನ್ನಡದವರು, ಅವಸರದ ಹೆಜ್ಜೆ. ಶುಭದಾ ಧಾರವಾಡದ ಹುಡುಗಿ, ನನ್ನಿಂದ ಕೆಲಸ ಮಾಡಿಸುವ ಸಂಶೋಧಕಿ. ಮೂರನೆಯವರು ಜವರಯ್ಯ. ಇಪ್ಪತ್ತೆಂಟು ವರ್ಷದಿಂದ ಅಟೆಂಡರ್. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ನನ್ನ ಡಬ್ಬಿಗಳಿಗೆ ದ್ರವ ನೈಟ್ರೋಜನ್ ಹುಯ್ಯುವುದು ಅವರ ಕೆಲಸ. ಹುಯ್ಯುತ್ತ ಮನೆಯ ಸುದ್ದಿ ಹೇಳುತ್ತಿದ್ದರು. ಶುಭದಾ ಕೇಳುತ್ತಿದ್ದಳೋ ಇಲ್ಲವೋ, ನಾನಂತೂ ಒಂದಕ್ಷರ ಬಿಡದೆ ಕೇಳಿದ್ದೇನೆ.

"ನಮ್ಮ ಸಿಂಚನ ಇವತ್ತೂ ಹೊಟ್ಟೆನೋವು ಅಂತ ಕೂತ್ಲು ಮೇಡಮ್ಮೋರೆ. ಇಸ್ಕೂಲ್ ತಪ್ಪಿಸೋಕೆ ಬರೀ ಆಟ. ನಾನೇ ಹಣೆಗೆ ಬೊಟ್ಟು ಇಟ್ಟು ಕಳಿಸ್ಬಂದೆ."

ಸಿಂಚನ ಅವರ ಮಗಳ ಮಗಳು, ಏಳು ವರ್ಷ. ಮಗಳು ಅಳಿಯ ಇಬ್ಬರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದರಿಂದ ಮಗು ಬೆಳೆದದ್ದು ತಾತನ ಕೈಯಲ್ಲಿ. ದಿನಾ ಸ್ನಾನ ಮಾಡಿಸಿ, ಆಂಜನೇಯನ ಪಟಕ್ಕೆ ಸಿಂಧೂರ ಇಟ್ಟು, ಅದೇ ಬೆರಳಲ್ಲಿ ಮಗುವಿನ ಹಣೆಗೂ ಇಡುತ್ತಿದ್ದರು.

ಆ ವರ್ಷ ಶುಭದಾಳ ಕೈಗೆ ಹೊಸ ಕೆಲಸ ಬಂತು. ದೂರದ ಒಂದು ಹಳ್ಳಿಯ ಪಕ್ಕ ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಶೆಡ್ ಇತ್ತು. ಹಳ್ಳಿಯ ಮಕ್ಕಳು ಸೊರಗುತ್ತಿದ್ದರು, ಪಾಠ ತಲೆಗೆ ಹತ್ತುತ್ತಿರಲಿಲ್ಲ. ಇದು ಶೆಡ್ಡಿನ ಹೊಗೆಯ ಸೀಸ ಎಂದು ಊರವರು, ಇಲ್ಲಿನ ಬೋರ್‌ವೆಲ್ ನೀರಿನಲ್ಲೇ ಆರ್ಸೆನಿಕ್ ಇದೆ, ನಮ್ಮದೇನೂ ತಪ್ಪಿಲ್ಲ ಎಂದು ಶೆಡ್ಡಿನವನು. ಸೀಸದ ಕಿರಣ, ಆರ್ಸೆನಿಕ್ಕಿನ ಕಿರಣ ಅವಳಿ ಮಕ್ಕಳಿದ್ದ ಹಾಗೆ. ಸಾಧಾರಣ ಯಂತ್ರಕ್ಕೆ ಎರಡೂ ಒಂದೇ ಆಗಿ ಕಾಣುತ್ತವೆ. ಅವೆರಡನ್ನು ಬೇರೆ ಮಾಡಿ ಹೇಳಲು ನನ್ನಂಥವನೇ ಬೇಕು. ಇದನ್ನು ಕೇಳಿದ ದಿನ ಆಕಾಶಕ್ಕೆ ಹೋಗದಿದ್ದ ಸಂಕಟ ಸ್ವಲ್ಪ ಇಳಿಯಿತು.

ಅಳೆಯಬೇಕಾಗಿದ್ದದ್ದು ಹಾಲುಹಲ್ಲು. ಮೈಗೆ ಸೇರಿದ ಸೀಸ ಹಲ್ಲಿನಲ್ಲಿ ಕೂತುಬಿಡುತ್ತದೆ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯುವ ಮಕ್ಕಳನ್ನು ಪುಸಲಾಯಿಸಿ, ಅಲ್ಲಿನ ಮೇಷ್ಟ್ರು ಹದಿನಾಲ್ಕು ಹಲ್ಲು ಕೂಡಿಸಿ ಬೆಂಕಿಪೊಟ್ಟಣಗಳಲ್ಲಿ ಕಳಿಸಿದ್ದರು. ಹೋಲಿಸಿ ನೋಡಲು ಸೀಸದ ಸೋಂಕಿಲ್ಲದ ಮಕ್ಕಳ ಆರು ಹಲ್ಲು ಬೇಕಿತ್ತು. ಐದನ್ನು ಮೈಸೂರಿನ ಒಂದು ಶಾಲೆಯಿಂದ ತಂದರು. ಆರನೆಯದನ್ನು ಜವರಯ್ಯ ತಂದರು, ಅಂಗಿ ಜೇಬಿನಿಂದ, ಮಾತ್ರೆಯ ಡಬ್ಬಿಯಲ್ಲಿ.

"ನಮ್ಮ ಸಿಂಚನಂದು. ಮಾಡಿನ್ ಮೇಲೆ ಎಸೀನಿಲ್ಲ ಅಂತ ಅತ್ಲು. ನಿನ್ ಹಲ್ಲು ದೊಡ್ ಮಿಷನ್ನು ನೋಡ್ತದೆ ಕಣವ್ವ ಅಂದೆ, ಸುಮ್ನಾದ್ಲು."

ವಿಜಯದಶಮಿ ಕಳೆದು ಹನ್ನೆರಡನೆಯ ದಿನಕ್ಕೆ ಜಿಲ್ಲಾ ಸಮಿತಿಯ ವಿಚಾರಣೆ. ಅಷ್ಟರೊಳಗೆ ಇಪ್ಪತ್ತು ಹಲ್ಲು ನೋಡಿ ಮುಗಿಸಬೇಕು. ಹಬ್ಬದ ಹಿಂದಿನ ವಾರ ಶುಭದಾ ಖಾಲಿ ತಟ್ಟೆ ಇಟ್ಟು ನನ್ನನ್ನು ಪರೀಕ್ಷಿಸಿದಳು. ಸೀಸವೂ ಇಲ್ಲ, ಆರ್ಸೆನಿಕ್ಕೂ ಇಲ್ಲ. ಸಮಾಧಾನದಿಂದ ಊರಿಗೆ ಹೋದಳು.

ಆಯುಧಪೂಜೆ ಬಂತು. ಮೈಸೂರಿನಲ್ಲಿ ಅಂದು ಸ್ಕ್ರೂಡ್ರೈವರಿಗೂ ಹೂವು ಬೀಳುತ್ತದೆ. ನನ್ನ ಯಂತ್ರಕ್ಕೆ ಮಾತ್ರ ಮೂಡಿತ್ತಾಯರ ಕಟ್ಟುನಿಟ್ಟಿನ ನಿಷೇಧವಿತ್ತು, ಕುಂಕುಮ, ಗಂಧ, ಹೂವು ಏನೂ ಸೋಕಿಸಬಾರದು ಎಂದು ಬಾಗಿಲಿಗೇ ಬರೆದು ಅಂಟಿಸಿದ್ದರು. ಪ್ರತಿ ವರ್ಷ ಮೇಜಿನ ಮೇಲೆ ಎರಡು ಸ್ಪ್ಯಾನರ್ ಇಟ್ಟು ಪೂಜೆ ಮುಗಿಯುತ್ತಿತ್ತು. ಈ ಸಲ ಮಂಗಳಾರತಿಯಾಗಿ ಎಲ್ಲರೂ ಮಂಡಕ್ಕಿ ತಿನ್ನಲು ಮೇಲೆ ಹೋದ ಮೇಲೆ ಜವರಯ್ಯ ಹಿಂದೆ ಉಳಿದರು. ನನ್ನ ಕಿಟಕಿಯ ಸುತ್ತಲಿನ ಉಂಗುರದ ಮೇಲೆ ಬೆರಳೊಂದು ತಾಗಿದ್ದು ನನಗೆ ಗೊತ್ತಾಯಿತು.

"ಮಕ್ಕಳ ಕೆಲ್ಸ ಮಾಡ್ತಿದ್ದೀಯ. ಕೈ ಬಿಡ್ಬೇಡ ಕಣಪ್ಪ," ಅಂದರು, ಬಹಳ ಮೆಲ್ಲಗೆ.

ಹುಟ್ಟಿದ ಮೇಲೆ ಮೊದಲ ಸಲ ನನಗೊಬ್ಬರು ಬೊಟ್ಟಿಟ್ಟಿದ್ದರು. ನಿಜ ಹೇಳಬೇಕೆಂದರೆ ಹಿಗ್ಗಿದೆ.

ಹಬ್ಬ ಮುಗಿಸಿ ಬಂದ ಶುಭದಾ ಮೊದಲು ಆರು ಶುದ್ಧ ಹಲ್ಲುಗಳನ್ನು ಒಂದೊಂದಾಗಿ ಇಟ್ಟಳು. ಆರರಲ್ಲೂ ಸೀಸ. ಕುರ್ಚಿ ಹಿಂದಕ್ಕೆ ಸರಿದದ್ದು, ಅವಳು ಎದ್ದು ನಿಂತದ್ದು ನನಗೆ ಕೇಳಿಸಿತು. ಖಾಲಿ ತಟ್ಟೆ ಇಟ್ಟಳು. ಅದರಲ್ಲೂ ಸೀಸ. ಮಾರನೆಯ ದಿನ ಸಂಜೆಗೆ ಮೂಡಿತ್ತಾಯರನ್ನು ಕರೆದಳು.

"ಸರ್, ಖಾಲಿ ತಟ್ಟಿ ಇಟ್ರೂ ಸೀಸ ಕಾಣ್ಲಿಕತ್ತದ. ಹಬ್ಬಕ್ಕ ಮೊದಲ ಇದ್ದಿದ್ದಿಲ್ಲ."

"ಹೊರಗೆ ಎಂತದ್ದೂ ಬದಲಾಗ್ಲಿಲ್ವಲ್ಲ ಮಾರಾಯ್ತಿ. ಒಳಗೆ ಎಲ್ಲಿಯೋ ಬೆಸುಗೆ ಬಿಟ್ಟಿರಬೇಕು. ಬೆಸುಗೆಯಲ್ಲಿ ಸೀಸ ಇರ್ತದೆ. ಅಥವಾ ಇದೇ ಹಾಳಾಗಿದೆ."

'ಇದೇ' ಅಂದರೆ ನಾನು. ಆ ಮಾತು ನನ್ನನ್ನು ಚುಚ್ಚಿತು. ನಾನು ಸುಳ್ಳು ಹೇಳುವವನಲ್ಲ, ಹೇಳಬೇಕೆಂದರೂ ಬಾರದು. ಏನು ಬಂತು ಎಂದು ಹೇಳುವುದಷ್ಟೇ ನನಗೆ ಬರುತ್ತದೆ, ಎಲ್ಲಿಂದ ಬಂತು ಎಂದು ಹೇಳಲು ಬಾರದು. ಆದರೆ ಬೆರಳು ತಾಗಿದ್ದು ನನಗೆ ನೆನಪಿತ್ತು, ಸೀಸ ಶುರುವಾದದ್ದು ಅದಾದ ಮೇಲೆಯೇ ಎಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿಕೊಳ್ಳಲು ನನಗೆ ಮೂರು ದಿನ ಹಿಡಿಯಿತು. ಸೇರಿಸಿಕೊಂಡ ಮೇಲೆ ಏನು ಮಾಡಲಿ? ಐದು ಡಬ್ಬಿಗಳ ಒಳಗೆ, ಗಾಳಿಯೂ ಇಲ್ಲದ ಕತ್ತಲಲ್ಲಿ, ಬಾಯಿಲ್ಲದೆ ಕೂತಿದ್ದೇನೆ. ಸೀಸ, ಸೀಸ, ಸೀಸ ಎಂದು ಅದೊಂದನ್ನೇ ಹೇಳುತ್ತಿದ್ದೆ. ಹೇಳಿದಷ್ಟೂ ಅವರು ನನ್ನನ್ನೇ ಅನುಮಾನಿಸಿದರು.

ಯಂತ್ರ ಬಿಚ್ಚುವುದು ಎಂದು ತೀರ್ಮಾನವಾಯಿತು. ಬೆಚ್ಚಗಾಗಲು ನಾಲ್ಕು ದಿನ, ಮತ್ತೆ ತಣಿಯಲು ಐದು ದಿನ. ವಿಚಾರಣೆಗೆ ಉಳಿದದ್ದೇ ಎಂಟು. ಹಳ್ಳಿಯ ಮೇಷ್ಟ್ರಿಗೆ ಏನು ಹೇಳಲಿ ಎಂದು ಶುಭದಾ ಮೂಡಿತ್ತಾಯರನ್ನು ಕೇಳಿದಳು.

ಇಲ್ಲಿ ನನ್ನದೊಂದು ಸಣ್ಣತನ ಒಪ್ಪಿಕೊಳ್ಳಬೇಕು. ಬಿಚ್ಚುತ್ತಾರೆ ಎಂದು ಕೇಳಿದಾಗ ನನಗೆ ಸಂತೋಷವಾಯಿತು. ಆರು ವರ್ಷದ ಸೆರೆ. ಒಂದು ಸಲ ಮುಚ್ಚಳ ತೆಗೆದರೆ ಬೆಳಕು, ಗಾಳಿ, ಒಂದು ನಾಲ್ಕು ದಿನದ ಬಿಸುಪು. ಹಳ್ಳಿಯ ಮಕ್ಕಳು ಹಾಳಾಗಿ ಹೋಗಲಿ ಎಂದು ನಾನು ಅಂದುಕೊಳ್ಳಲಿಲ್ಲ. ಅವರನ್ನು ನೆನೆಸಿಕೊಳ್ಳಲಿಲ್ಲ, ಅಷ್ಟೇ. ಸೆರೆಯಲ್ಲಿದ್ದವನಿಗೆ ಬಾಗಿಲ ಸದ್ದೊಂದೇ ದೊಡ್ಡದಾಗಿ ಕೇಳಿಸುತ್ತದೆ.

ಮಾರನೆಯ ಬೆಳಿಗ್ಗೆ ಸ್ಪ್ಯಾನರುಗಳನ್ನು ತಂದುಕೊಡಲು ಜವರಯ್ಯನಿಗೆ ಹೇಳಿದರು. ಅವರು ಬಂದು ಪೆಟ್ಟಿಗೆ ನೆಲಕ್ಕಿಟ್ಟು ನಿಂತೇ ಇದ್ದರು.

"ಮೇಡಮ್ಮೋರೆ, ಏನಾಗದೆ ಇದಕ್ಕೆ?"

"ಸೀಸ ಬರ್ಲಿಕತ್ತದ ಜವರಯ್ಯಾರೆ, ಎಲ್ಲಿಂದ ಅಂತ ತಿಳೀವಲ್ದು. ನಿಮ್ಮ ಸಿಂಚನನ ಹಲ್ಲಿನಾಗೂ ತೋರಸ್ತದ. ಹಬ್ಬದ ಮರುದಿನದಿಂದ ಶುರು."

ಜವರಯ್ಯ ನನ್ನ ಕಿಟಕಿಯ ಹತ್ತಿರಕ್ಕೆ ಬಂದರು.

"ಸಿಂಧೂರದಲ್ಲಿ ಸೀಸ ಇರ್ತದಾ ಮೇಡಮ್?"

"ಯಾವ ಸಿಂಧೂರ?"

"ನಾನೇ ಹಚ್ಚಿದ್ದು. ಆ ಕಿಟಕಿ ಬಳೆಗೆ. ಸಾಹೇಬ್ರು ಬೇಡ ಅಂದಿದ್ರು, ಆದ್ರೂ ಹಚ್ದೆ. ಒಳ್ಳೇದಾಗ್ಲಿ ಅಂತ."

ಶುಭದಾ ಬಾಗಿ ನೋಡಿದಳು. ಉಂಗುರದ ಕೆಳಗಿನ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಎಣ್ಣೆಯಲ್ಲಿ ಕಲಸಿದ ಕೇಸರಿ ಬೊಟ್ಟು. ಅದನ್ನು ಕೆರೆದು ತಟ್ಟೆಯ ಮೇಲಿಟ್ಟಳು. ನಾನು ಅಷ್ಟು ಸೀಸವನ್ನು ಒಟ್ಟಿಗೆ ಎಂದೂ ಕಂಡಿರಲಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಪೊಟ್ಟಣ, ಬಣ್ಣ ಚೆನ್ನಾಗಿರಲಿ ಎಂದು ಯಾರೋ ಕೆಂಪು ಸೀಸವನ್ನೇ ಬೆರೆಸಿದ್ದರು. ಸ್ಪಿರಿಟ್ ಹಾಕಿ ಒರೆಸಿದ ಮೇಲೆ ಖಾಲಿ ತಟ್ಟೆ ಮತ್ತೆ ಖಾಲಿಯಾಗಿ ಕಂಡಿತು. ಸ್ಪ್ಯಾನರುಗಳು ಪೆಟ್ಟಿಗೆಯಲ್ಲೇ ಉಳಿದವು. ನನ್ನ ಸೆರೆಯೂ ಉಳಿಯಿತು. ಆಗ ಅದಕ್ಕಾಗಿ ಅಳುವಷ್ಟು ಪುರಸೊತ್ತು ಇರಲಿಲ್ಲ.

ಜವರಯ್ಯ ಅಂದು ಮನೆಗೆ ಊಟಕ್ಕೆ ಹೋಗಲಿಲ್ಲ. ಹಲ್ಲುಗಳನ್ನು ಮತ್ತೆ ಇಡುವುದನ್ನು ನೋಡುತ್ತ ಗೋಡೆಗೆ ಒರಗಿ ನಿಂತರು. ಆ ದಿನ, ಮಾರನೆಯ ದಿನ, ಶಾಲೆಯ ಐದು ಹಲ್ಲುಗಳು ಒಂದೊಂದಾಗಿ ಬಂದವು. ಐದೂ ಸ್ವಚ್ಛ. ಪ್ರತಿ ಸಲ ಅವರು ಉಸಿರು ಬಿಡುತ್ತಿದ್ದರು. ಆರನೆಯದು ಬಂತು.

ಮೊದಲ ಕಣ ಬಡಿದಾಗಲೇ ನನಗೆ ಗೊತ್ತಾಯಿತು. ತಪ್ಪಿ ಬಂದದ್ದಿರಲಿ ಎಂದುಕೊಂಡೆ. ಎರಡನೆಯದು ಬಂತು. ಹತ್ತನೆಯದು ಬಂತು. ನನ್ನ ಬದುಕಿನಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಬೇಕೆನ್ನಿಸಿದ್ದು ಆಗ. ಹೊಸ್ತಿಲಿನಿಂದ ಜಾರಿ ಬೀಳೋಣ, ಏನೂ ಕಾಣಿಸಲಿಲ್ಲ ಅಂದುಬಿಡೋಣ ಎಂದು ಬಯಸಿದೆ. ತಂತಿ ನನ್ನನ್ನು ಎಳೆದು ಅಲ್ಲೇ ಕೂರಿಸಿತು. ಮೂರು ತಾಸು ನಾನು ಆ ಮುದುಕನ ಮುಂದೆ ಅವರ ಮೊಮ್ಮಗಳ ಹಲ್ಲಿನ ಸೀಸವನ್ನು ಎಣಿಸಿ ಎಣಿಸಿ ಹೇಳಿದೆ.

ಶುಭದಾ ಪರದೆಯ ಮೇಲೆ ಸೀಸದ ಜಾಗದಲ್ಲಿ ಎದ್ದು ನಿಂತ ಗೆರೆಗೆ ಬೆರಳಿಟ್ಟು ತೋರಿಸಿದಳು.

"ಅದೇ ಪೊಟ್ಟಣ ಮೇಡಮ್," ಅಂದರು ಜವರಯ್ಯ. ಯಾರೂ ಕೇಳದೆಯೇ ಅಂದರು. "ಮೂರು ವರ್ಷದಿಂದ ದಿನಾ ಇಡೋದು ನಾನೇ. ಅದು ಹಣೆ ಮುಟ್ಕಳದು, ಅದೇ ಕೈನ ಬಾಯಿಗಿಕ್ಕಳದು. ಹೊಟ್ಟೆನೋವು ಅಂತಿತ್ತು ಮಗ. ಆಟ ಅಂದ್ಕಂಡಿದ್ನಲ್ಲ ನಾನು."

ಶೆಡ್ಡಿನ ಪಕ್ಕದ ಹಳ್ಳಿಯ ಹದಿನಾಲ್ಕು ಹಲ್ಲುಗಳಲ್ಲೂ ಸೀಸವೇ ಇತ್ತು, ಸಿಂಚನಳದಕ್ಕಿಂತ ಎಷ್ಟೋ ಹೆಚ್ಚು. ಆರ್ಸೆನಿಕ್ ಇಲ್ಲವೆನ್ನುವಷ್ಟು ಕಡಿಮೆ. ಎರಡು ದಿನ ಮೊದಲೇ ಕೆಲಸ ಮುಗಿಯಿತು. ವರದಿ ಬರೆಯುವಾಗ ಮೂಡಿತ್ತಾಯರು ಒಂದು ಮಾತು ಹೇಳಿದರು.

"ಆರನೇ ಹಲ್ಲು ಬಿಟ್ಟುಬಿಡುವ. ಶುದ್ಧ ಅಂತ ತಂದ ಹಲ್ಲಿನಲ್ಲೇ ಸೀಸ ಅಂತ ಶೆಡ್ಡಿನ ವಕೀಲ ಹಿಡ್ಕೊಳ್ತಾನೆ. ಜವರಯ್ಯನ ಮನೆ ಮರ್ಯಾದೆ ಕೂಡ ಉಳೀತದೆ."

ಅವರ ಮಾತಿನಲ್ಲಿ ಕರುಣೆಯೇ ಇತ್ತು. ಶುಭದಾ ಉತ್ತರ ಹೇಳುವ ಮೊದಲೇ ಬಾಗಿಲ ಬಳಿಯಿಂದ ಜವರಯ್ಯ ಹೇಳಿದರು.

"ಬರೀರಿ ಸಾ. ಅದು ಸುಳ್ಳಲ್ವಲ್ಲ. ಬಿಟ್ರೆ, ಇನ್ನೂ ಯಾರ್ಯಾರ್ ಮನೇಲಿ ಇಡ್ತಾವ್ರೋ."

ಬರೆದರು. ವಕೀಲ ಅದನ್ನೇ ಹಿಡಿದುಕೊಂಡನಂತೆ. ಶುಭದಾ ಸಿಂಧೂರದ ಪೊಟ್ಟಣವನ್ನು ಸಮಿತಿಯ ಮೇಜಿನ ಮೇಲಿಟ್ಟು, ಎಲ್ಲವನ್ನೂ ಇದ್ದ ಹಾಗೆ ಹೇಳಿದಳಂತೆ. ತಮ್ಮ ಮನೆಯ ತಪ್ಪನ್ನೇ ಬರೆಸಿದವರು ಮಿಕ್ಕದ್ದರಲ್ಲಿ ಸುಳ್ಳು ಬರೆಯುತ್ತಾರೆಯೇ ಎಂದು ಅಧ್ಯಕ್ಷರು ಕೇಳಿದರಂತೆ. ಶೆಡ್ಡಿಗೆ ಬೀಗ ಬಿತ್ತು. ಇದೆಲ್ಲ ನನಗೆ ತಿಳಿದದ್ದು ನೈಟ್ರೋಜನ್ ಹುಯ್ಯುವ ಹೊತ್ತಿನ ಮಾತುಗಳಿಂದ. ಆಸ್ಪತ್ರೆಯಲ್ಲಿ ಮಗುವಿನ ರಕ್ತ ತೆಗೆದು ನೋಡಿದರು, ಇರಬಾರದಷ್ಟು ಇತ್ತು. ಔಷಧಿಗಿಂತ ಮೊದಲು ಆ ಪೊಟ್ಟಣ ಬಿಡಿ ಎಂದರಂತೆ ಡಾಕ್ಟರು. ಸರಿಹೋಗುತ್ತದೋ ಇಲ್ಲವೋ ಎಂದು ಜವರಯ್ಯ ಯಾರನ್ನೂ ಕೇಳಲಿಲ್ಲ. ಕೇಳಲು ಹೆದರಿದ್ದರು.

ಒಂದು ವರ್ಷ ಕಳೆಯಿತು. ನನ್ನಂಥ ಇನ್ನೂರ ನಲವತ್ತು ಚೂರುಗಳಿರುವ ಹೊಸ ಸಾಧನ ಬರುವುದಿತ್ತು, ನನ್ನನ್ನು ತೆಗೆಯುವ ದಿನ ಗೊತ್ತಾಗಿತ್ತು. ಅದರ ಹಿಂದಿನ ವಾರ ಜವರಯ್ಯ ಕಾಗದದಲ್ಲಿ ಸುತ್ತಿದ ಒಂದೇ ಒಂದು ಕೂದಲು ತಂದರು. ಮೊಳದುದ್ದದ ಕೂದಲು. ತುದಿಯ ಕಡೆ ಹಳೆಯ ದಿನಗಳು, ಬುಡದ ಕಡೆ ಹೊಸ ದಿನಗಳು.

"ಇದನ್ನೊಂದ್ ಸಲ ತೋರಿಸ್ತೀರಾ ಮೇಡಮ್, ಅದಕ್ಕೆ?"

ಶುಭದಾ ಆ ಕೂದಲನ್ನು ತಟ್ಟೆಯ ಮೇಲೆ ನೀಟಾಗಿ ಎಳೆದು ಅಂಟಿಸಿದಳು. ತುದಿಯಿಂದ ಶುರುಮಾಡಿದಳು. ಸೀಸ. ಬೆರಳಗಲ ಈಚೆ ಸರಿಸಿದಳು. ಸೀಸ, ಸ್ವಲ್ಪ ಕಡಿಮೆ. ಮತ್ತೆ ಸರಿಸಿದಳು. ಹೀಗೆ ಎರಡು ದಿನ. ಕಣಗಳು ಬರುವುದು ವಿರಳವಾಗುತ್ತ ಹೋಯಿತು. ಬುಡಕ್ಕೆ ಬಂದಾಗ ನಾನು ಕಾದು ಕೂತೆ. ಒಂದು ತಾಸು, ಎರಡು ತಾಸು. ಗಂಧಕ ಬಂತು, ಸತು ಬಂತು, ಅವು ಎಲ್ಲರ ಕೂದಲಲ್ಲೂ ಇರುವಂಥವು. ಸೀಸ ಬರಲಿಲ್ಲ.

ನನ್ನ ಕೊನೆಯ ಮಾತು ಅದು. ಪರದೆಯ ಮೇಲೆ ಆ ಜಾಗದಲ್ಲಿ ನೇರ ಗೆರೆ. ಜವರಯ್ಯನಿಗೆ ಗೆರೆ ಓದಲು ಬರುತ್ತಿತ್ತು, ವರ್ಷವೆಲ್ಲ ಅದನ್ನೇ ಕಲಿತಿದ್ದರು. ಅವರು ಅತ್ತರು. ಆ ನಡುಕ ನನ್ನವರೆಗೂ ಬಂತು. ಗದ್ದಲವೆಂದು ಅದನ್ನೂ ಅಳಿಸಿರಬೇಕು.

ಅದಾದ ಮೇಲೆ ನನ್ನನ್ನು ಹೊರಗೆ ತೆಗೆದರು. ನಾಲ್ಕು ದಿನ ಮೆಲ್ಲಗೆ ಬೆಚ್ಚಗಾದೆ. ಇಷ್ಟು ವರ್ಷ ಕನಸಿದ ಬೆಳಕು, ಗಾಳಿ ಸಿಕ್ಕವು. ಆದರೆ ಈ ಬಿಸುಪಿನಲ್ಲಿ ನಾನು ಬರೀ ಲೋಹ. ಯಾವ ಕಿರಣ ಬಡಿದರೂ ತಿಳಿಯುವುದಿಲ್ಲ. ಮಾತು ಕೇಳುವುದೊಂದು ಹಳೆಯ ಅಭ್ಯಾಸವಾಗಿ ಉಳಿದಿದೆ. ನಿರುಪಯೋಗಿ ವಸ್ತುಗಳ ಪಟ್ಟಿಯಲ್ಲಿ ನನ್ನ ಸಂಖ್ಯೆ ಬರೆದರು. ಆ ತಿಂಗಳೇ ನಿವೃತ್ತರಾದ ಜವರಯ್ಯನಿಗೆ, ಶಾಲು ಹೊದಿಸಿದ ಮೇಲೆ, ಏನಾದರೂ ಬೇಕೇ ಎಂದು ಮೂಡಿತ್ತಾಯರು ಕೇಳಿದರು. ಅವರು ನನ್ನನ್ನು ಕೇಳಿದರು.

ಈಗ ಮಾತ್ರೆಯ ಡಬ್ಬಿಯೊಂದರಲ್ಲಿ, ಆ ಹಲ್ಲು ಬಂದಿತ್ತಲ್ಲ, ಅದೇ ಡಬ್ಬಿಯಲ್ಲಿ ಆಂಜನೇಯನ ಪಟದ ಪಕ್ಕ ಇದ್ದೇನೆ. ಆಯುಧಪೂಜೆಯ ದಿನ ನನಗೂ ಬೊಟ್ಟು. ಅರಿಶಿನದ್ದು, ಕೊಂಬು ತಂದು ಮನೆಯಲ್ಲೇ ಕುಟ್ಟಿದ್ದು. ಅದರಲ್ಲಿ ಏನಿದೆ ಎಂದು ಹೇಳಲು ನನಗೆ ಬಾರದು, ಜವರಯ್ಯನ ಮಾತನ್ನು ನಂಬಿಕೊಂಡಿದ್ದೇನೆ. ಅವರು ಒಮ್ಮೆ ನನ್ನ ಮಾತನ್ನು ನಂಬಿದ್ದರು.

ಈ ಸಲದ ಹಬ್ಬದ ಬೆಳಿಗ್ಗೆ ಸಿಂಚನ ಡಬ್ಬಿ ತೆರೆದು ನನ್ನ ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅವಳಿಗೀಗ ಬಾಯಿ ತುಂಬ ಹೊಸ ಹಲ್ಲು. ಒಳಗಿನಿಂದ ತಾತ ಕೂಗಿದರು.

"ಹೊಸ್ತಿಲ ಮೇಲೆ ಕೂರಬಾರ್ದು ಕಣವ್ವ, ಏಳು."

"ಇದು ಕೂತಿತ್ತು ಅಂತೀಯಲ್ಲ ತಾತ, ಅಷ್ಟ್ ವರ್ಸ?"

ತಾತ ಬಾಗಿಲಿಗೆ ಬಂದರು. "ಅದು ಕೂತಿತ್ತು," ಅಂದರು. "ನೀನು ಏಳ್ಲಿ ಅಂತ ಕೂತಿತ್ತು."

ಅವಳು ಎದ್ದಳು. ನನ್ನನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು, ಹೊಸ್ತಿಲು ದಾಟಿ ಬಿಸಿಲಿಗೆ ಇಳಿದಳು.